ಪಾವತಿ

ಹೊಸ ಕೆಲಸದ ಫಾರ್ಮಿನಲ್ಲಿ ‘ಬೇರೆ ಕಡೆ ಸಂಬಳದ ಕೆಲಸವಿದೆಯೇ?’ ಎಂಬ ಸಾಲಿಗೆ ಬಂದು ಡಾಕ್ಟರ್ ಆಮ್ರಪಾಲಿಯ ಪೆನ್ನು ನಿಂತುಬಿಟ್ಟಿತು. ಇತ್ತು, ವಿಜಯಪುರದ ದೊಡ್ಡ ಆಸ್ಪತ್ರೆಯಲ್ಲಿ, ವಾರಕ್ಕೆ ಐದು ದಿನ. ತಿಕೋಟಾದ ಈ ಸಣ್ಣ ಆಸ್ಪತ್ರೆಗೆ ಇನ್ನು ಮುಂದೆ ಶನಿವಾರ, ರವಿವಾರ ಬರುವುದೆಂದು ಮಾತಾಗಿತ್ತು.

ಎದುರಿಗೆ ಕೂತ ಕ್ಲಾರ್ಕ್ ಸಂಗಣ್ಣನಿಗೆ ಕೇಳದವರಿಗೂ ಉಪದೇಶ ಮಾಡುವ ಚಟ. “ಇಲ್ಲ ಅಂತ ಬರದ್ಬಿಡ್ರಿ ಮೇಡಂರೀ. ಒಂದೊಂದ ಪಗಾರ ಬ್ಯಾರೆ ಬ್ಯಾರೆ ಹಿಡದ್ರ ಟ್ಯಾಕ್ಸ್ ಬೀಳೂದಿಲ್ಲ. ಹೌದು ಅಂದ್ರ ಎರಡೂ ಕೂಡಿಸಿ, ತಿಂಗಳಾ ನಾವು ಟ್ಯಾಕ್ಸ್ ಮುರಕೋಬೇಕಾಗ್ತೈತಿ.”

ಈ ಜಾಣತನ ಬಹಳ ದಿನ ನಡೆಯುವುದಲ್ಲವೆಂದು ಆಮ್ರಪಾಲಿಗೆ ಗೊತ್ತಿತ್ತು. ಗೊತ್ತಿದ್ದೂ ಆಸೆಯಾಯಿತು. ರಜೆಯ ದಿನ ಬಿಟ್ಟುಕೊಟ್ಟು ದುಡಿಯುವ ದುಡ್ಡು. ಅದರಲ್ಲೂ ಪಾಲು ಕೊಡಬೇಕೆಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ.

ಪಕ್ಕದ ಬೆಂಚಿನ ಮೇಲೆ ಅವಳ ತಂದೆ ಹಣಮಂತ ಕೂತಿದ್ದ. ಬಿಜ್ಜರಗಿಯವನು, ಈ ಸುತ್ತಿನ ದ್ರಾಕ್ಷಿ ತೋಟಗಳಲ್ಲೆಲ್ಲ ಕೂಲಿ ಮಾಡಿದವನು. ಮಗಳ ಹೊಸ ಆಸ್ಪತ್ರೆ ನೋಡಬೇಕೆಂದು ಇಸ್ತ್ರಿ ಅಂಗಿ ತೊಟ್ಟು ಜೊತೆಗೇ ಬಸ್ಸು ಹತ್ತಿದ್ದ.

“ಯಾವ ಟ್ಯಾಕ್ಸ್ ಯವ್ವಾ ಅದು? ಸರಕಾರದ್ದೇನು? ಸಾಲಿ, ಹಾಸ್ಟೆಲ್, ಸ್ಕಾಲರ್‌ಶಿಪ್ ಎಲ್ಲಾ ಅದರಾಗ ನಡೀತಾವಲ್ಲ, ಅದು?”

“ಹೂಂ ಯಪ್ಪಾ, ಅದ.”

ಸ್ಕಾಲರ್‌ಶಿಪ್ ಎಂದ ಕೂಡಲೇ ಅವಳ ಕಿವಿಗಳು ಬಿಸಿಯಾದವು. ಪಿಯುಸಿಯಲ್ಲಿದ್ದಾಗ ಅರ್ಜಿ ಕೊಡಲು ಅಪ್ಪನೊಂದಿಗೆ ಒಂದು ಕಚೇರಿಗೆ ಹೋಗಿದ್ದಳು. ಗುರಣ್ಣ ಎಂಬ ಗುಮಾಸ್ತ ಕಿಟಕಿಯಿಂದ ಅರ್ಜಿಯನ್ನು ಹೊರಗೆ ಎಸೆದು, “ನಮ್ಮ ಟ್ಯಾಕ್ಸಿನ ರೊಕ್ಕದಾಗ ಓದ್ತೀರಿ, ನೆಟ್ಟಗ ತುಂಬಾಕ ಏನು ದಾಡಿ?” ಅಂದಿದ್ದ. ಅಪ್ಪ ನೆಲದ ಮೇಲಿನ ಕಾಗದ ಎತ್ತಿಕೊಂಡು, ಕೈ ಮುಗಿದು, “ಹೌದ್ರಿ ಸಾಹೇಬ್ರ” ಅಂದಿದ್ದ. ಆ ಮುಗಿದ ಕೈಗಳನ್ನು ಅವಳು ಇವತ್ತಿಗೂ ಕ್ಷಮಿಸಿರಲಿಲ್ಲ. ಅಪ್ಪ ಮಾತ್ರ ಅದನ್ನು ಮತ್ತೆ ಎತ್ತಿರಲಿಲ್ಲ, ಮರೆತಿರಬೇಕು ಅಂದುಕೊಂಡಿದ್ದಳು.

“ಹೌದು ಅಂತ ಬರಿ,” ಅಂದ ಹಣಮಂತ.

ಸಂಗಣ್ಣ ನಕ್ಕ. “ಯಜಮಾನ್ರ, ಕೈಯಾಗಿನ ರೊಕ್ಕ ಹೋಗ್ತಾವ್ರಿ!”

“ಹೋಗ್ಲಿ ಬಿಡ್ರಿ. ಪಾವತಿ ಕೊಡ್ತಾರಿಲ್ಲೋ?”

“ಎಂಥಾ ಪಾವತಿರೀ?”

“ಇಂಥಾಕಿ ಸರಕಾರಕ್ಕ ಇಷ್ಟು ಟ್ಯಾಕ್ಸ್ ಕೊಟ್ಟಾಳ ಅಂತ, ಹೆಸರು ಹಾಕಿ ಶಿಕ್ಕಾ ಹೊಡದ ಕಾಗದ.”

“ಅದಾ? ಬರ್ತೈತ್ರಿ, ವರ್ಷ ಮುಗದ ಮ್ಯಾಲ. ನಾನ ತಗದ ಕೊಡ್ತೇನಿ.”

ಆಮ್ರಪಾಲಿ ‘ಹೌದು’ ಎಂದು ಬರೆದಳು. ಮೊದಲ ಆಸ್ಪತ್ರೆಯ ಹೆಸರು, ಅಲ್ಲಿಯ ಸಂಬಳ, ಪ್ಯಾನ್ ನಂಬರು, ಯಾವುದನ್ನೂ ಬಿಡದೆ ನೆಟ್ಟಗೆ ತುಂಬಿ ಸಹಿ ಮಾಡಿದಳು. ಉಪದೇಶ ವ್ಯರ್ಥವಾದ ಬೇಸರದಲ್ಲಿ ಸಂಗಣ್ಣ ಚಹಾ ಹೇಳುವುದನ್ನೂ ಮರೆತ.

ಬಸ್‌ಸ್ಟ್ಯಾಂಡಿನ ಕಡೆ ನಡೆಯುತ್ತಾ ಹಣಮಂತ ಅಂದ, “ಆ ಪಾವತಿ ಬಂದಾಗ ಎರಡು ಝೆರಾಕ್ಸ್ ತಗಸು ಯವ್ವಾ.”

“ಎರಡ್ಯಾಕ ಯಪ್ಪಾ?”

“ಒಂದು ನನಗ.” ಅವನು ಅಂಗಿಯ ಜೇಬನ್ನು ಮುಟ್ಟಿಕೊಂಡ. “ಇನ್ನೊಂದು ಗುರಣ್ಣ ಸಾಹೇಬ್ರಿಗ. ರಿಟೈರ್ ಆಗಿ ಅಥಣಿ ರಸ್ತೆದಾಗ ಅದಾರ. ಮನಿ ನೋಡಿ ಇಟ್ಟೇನಿ.”