ಪಟ್ಟಿಯಲ್ಲಿಲ್ಲದ ಮೇಜು

ಸಾಮಾನು ಸಾಗಿಸುವ ಕಂಪನಿಯವನು ಬೀರು, ಫ್ರಿಜ್ಜು, ಕೊನೆಗೆ ಅಮ್ಮನ ಊರುಗೋಲಿಗೂ ನಂಬರಿನ ಚೀಟಿ ಅಂಟಿಸಿದ. ಮನೆ ಯಜಮಾನನ ಗಡಿಯಾರ ರಿಪೇರಿ ಮೇಜನ್ನು ಮಾತ್ರ ಬಿಟ್ಟು ಮುಂದೆ ಹೋದ. ತಾವು ಹೋಗಲಿರುವ ಹೊಸ ರಾಜ್ಯದ ಗಡಿಯಾರಗಳೆಲ್ಲ ತನಗೋಸ್ಕರವೇ ಕೆಟ್ಟು ಕೂತಿವೆ, ಅಲ್ಲಿ ದೊಡ್ಡ ಅಂಗಡಿ ತೆಗೆಯುತ್ತೇನೆ ಎಂದು ರಿಪೇರಿಯವನು ಮೂರು ತಿಂಗಳಿಂದ ಬೀದಿಗೆಲ್ಲ ಸಾರಿದ್ದ. ಹಿಂದಿನ ಎರಡು ಊರುಗಳಲ್ಲೂ ಹಾಗೇ ಸಾರಿದ್ದ ಎಂಬುದು ಬೇರೆ ಮಾತು.

“ಏನಪ್ಪಾ, ಇದನ್ನ ಮರೆತ್ಯಲ್ಲ?”

“ಪಟ್ಟೀಲಿಲ್ಲ ಸಾರ್. ನಿಮ್ಮ ಬಟ್ಟೆ, ಚಪ್ಪಲಿ, ಯಾವುದೂ ಇಲ್ಲ.”

ವರ್ಗಾವಣೆ ಆಗಿದ್ದು ಹೆಂಡತಿಗೆ. ಅವಳು ಅಡುಗೆಮನೆ ಬಾಗಿಲಲ್ಲಿ ನಿಂತು ಟೇಪಿನ ತುದಿಯನ್ನು ಉಗುರಲ್ಲಿ ಕೆರೆಯುತ್ತಿದ್ದಳು. “ಇವತ್ತು ಹೇಳೋಣ ಅಂತಿದ್ದೆ ರೀ. ನೀವು ಬರೋದು ಬೇಡ.”

ಅವನಿಗೆ ಮೈಯೆಲ್ಲ ಉರಿದುಹೋಯಿತು. ಪಟ್ಟಿ ಕಿತ್ತುಕೊಂಡು ಸೀದಾ ಅಮ್ಮನ ಮುಂದೆ ಹಿಡಿದ. “ನೋಡಮ್ಮ, ನಿನ್ನ ಮುದ್ದಿನ ಸೊಸೆ ಕಟ್ಕೊಂಡ ಗಂಡನ್ನೇ ಬಿಟ್ಟು ಬರೆದಿದಾಳೆ!”

ಅಮ್ಮ ಕನ್ನಡಕ ಏರಿಸಿಕೊಂಡಳೇ ಹೊರತು ಹಾಳೆಯತ್ತ ನೋಡಲಿಲ್ಲ. ಅವನೇ ನೋಡಿದ. ದುಂಡನೆಯ, ಒಂದಕ್ಕೊಂದು ತಾಗದ ಅಕ್ಷರಗಳು. ಚಿಕ್ಕಂದಿನಲ್ಲಿ ಸ್ಲೇಟಿನ ಮೇಲೆ ಅವನ ಕೈ ಹಿಡಿದು ತಿದ್ದಿಸಿದ್ದ ಅಕ್ಷರಗಳು.

“ಕೂಗಾಡಬೇಡ ಕಣೋ,” ಎಂದಳು ಅಮ್ಮ. “ಒಂದೊಂದೂ ಯೋಚನೆ ಮಾಡೇ ಬರೆದಿದೀನಿ.”