ಗೋಳದ ನೆರಳು

ತಂಗಿ ಬಾಗಿಲ ಹತ್ತಿರ ಕೂತು ಅಕ್ಕನ ಪೆನ್ಸಿಲುಗಳನ್ನು ಬ್ಲೇಡಿನಿಂದ ಚೂಪು ಮಾಡುತ್ತಿದ್ದಳು. ಡ್ರಾಯಿಂಗ್ ಮೇಷ್ಟ್ರು ಅಕ್ಕ ಒಪ್ಪಿಸಿದ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದರು. ಮೇಜಿನ ಮೇಲೆ ಮಾದರಿಗೆ ಇಟ್ಟಿದ್ದ ಘನ, ಶಂಕು, ಗೋಳ. ಮುಟ್ಟಿದರೆ ಉರುಳುವಂತಿತ್ತು ಗೋಳ.

"ನೀನು ಕೂರೋ ಜಾಗದಿಂದ ನೆರಳು ಬಲಕ್ಕೆ ಕಾಣುತ್ತೆ. ಇಲ್ಲಿ ಎಡಕ್ಕಿದೆ. ಮೇಜಿನ ಆಚೆ, ಬಾಗಿಲ ಹತ್ರ ಕೂತು ಬರೆದೋರು ಯಾರಮ್ಮ?"

ಅಕ್ಕ ನಕ್ಕಳು. "ನನ್ನ ಚೀಲ ಹೊತ್ಕೊಂಡು ಬರ್ತಾಳಲ್ಲ ಸಾರ್, ಇವಳು. ಏಳನೇ ಕ್ಲಾಸಿಗೇ ಸ್ಕೂಲಿಗೆ ಸಲಾಂ ಹೊಡೆದೋಳು."

ಕ್ಲಾಸಿನಲ್ಲಿ ತನಗೂ ಒಂದು ಜಾಗ ಸಿಗಬಹುದೆಂದು ತಂಗಿ ಎದ್ದು ನಿಂತಳು. ಮೇಷ್ಟ್ರು ಅವಳನ್ನೊಮ್ಮೆ ನೋಡಿ, ರಬ್ಬರನ್ನು ಅಕ್ಕನ ಕೈಗಿಟ್ಟರು. "ನೆರಳು ಅಳಿಸಿ ಬಲಕ್ಕೆ ಹಾಕು. ನಿನ್ನ ಹೆಸರಲ್ಲೇ ಸ್ಪರ್ಧೆಗೆ ಕಳಿಸೋಣ."

ಅಕ್ಕ ಗೋಳದಿಂದಲೇ ಅಳಿಸಲು ಶುರು ಮಾಡಿದಳು.

"ಅಕ್ಕಾ, ಅದೊಂದನ್ನ ಬಿಡೇ," ಎಂದಳು ತಂಗಿ.