ನೋವಿಲ್ಲದ ಮಿಂಚು

"ಇನ್ನೊಂದು ಸುತ್ತು ಇದೆ ಅಮ್ಮ. ಎಡಗಡೆ ಬಿಚ್ಚೇ ಇಲ್ಲ ನೀನು" ಎಂದಳು ಇಂದು.

ಕಣ್ಣಿಂದ ಬಿಚ್ಚಿದ ಬಟ್ಟೆ ಅಷ್ಟೂ ಸತ್ಯಭಾಮಾ ಅವರ ಕೈಯಲ್ಲೇ ಇತ್ತು. ಮಗಳ ಎರಡು ಕಣ್ಣೂ ತೆರೆದೇ ಇದ್ದವು. "ಬೆಳಿಗ್ಗೆ ಬೆಳಿಗ್ಗೆ ತಮಾಷೆ ಮಾಡಬೇಡ ಕಣೇ" ಎನ್ನುತ್ತ ಅವರು ಕಿಟಕಿಯ ತಗಡಿನ ಬಾಗಿಲನ್ನು ಪೂರ್ತಿ ಸರಿಸಿದರು. ಟೋಕಿಯೋ ಪಕ್ಕದ ಕಾಶಿವಾ ಊರಿನ ನವೆಂಬರ್ ಬಿಸಿಲು ಹಾಸಿಗೆಯ ತನಕ ಬಂತು. ಇಂದು ಬಲಗಣ್ಣನ್ನು ಅಂಗೈಯಿಂದ ಮುಚ್ಚಿದಳು. ತೆಗೆದಳು. ಮತ್ತೆ ಮುಚ್ಚಿದಳು. ಆಮೇಲೆ ಬಹಳ ಮೆತ್ತಗೆ, "ಅಮ್ಮ, ಇವರನ್ನ ಕರಿ" ಎಂದಳು.

ಶುಕ್ರವಾರ ಅವಳು ಟೋಕಿಯೋದ ಆಫೀಸಿನಿಂದ ಮಧ್ಯಾಹ್ನಕ್ಕೇ ಮನೆಗೆ ಬಂದಿದ್ದಳು. ಎರಡು ಸಾವಿರದ ಇಸವಿ ಹುಟ್ಟುವುದರೊಳಗೆ ಕಂಪ್ಯೂಟರುಗಳ ತಾರೀಖು ಸರಿಮಾಡುವ ಕೆಲಸ ಅವಳದು. "ಎರಡು ಸೊನ್ನೆ ಕಂಡರೆ ಬೆಚ್ಚಿಬೀಳೋ ಯಂತ್ರಕ್ಕೆ ನನ್ನ ಮಗಳು ತಾಯತ ಕಟ್ತಾಳೆ" ಎಂದು ಸತ್ಯಭಾಮಾ ಮೈಸೂರಿಗೆ ಫೋನು ಮಾಡಿದಾಗಲೆಲ್ಲ ಹೇಳಿ ನಗುತ್ತಿದ್ದರು. ಅವತ್ತು ಚಪ್ಪಲಿ ಬಿಡುತ್ತಲೇ ಇಂದು, "ಎಡಗಡೆ ಮೂಲೇಲಿ ಮಿಂಚು ಹೊಡೀತಿದೆ ಅಮ್ಮ, ಕಾಡಿಗೆ ಪುಡಿ ಉದುರಿದ ಹಾಗೂ ಕಾಣುತ್ತೆ" ಎಂದಳು.

"ನನಗೂ ಎಡಗಡೇನೇ. ತಾಯಿ ಮಗಳು ಒಂದೇ ಅಚ್ಚು" ಎಂದರು ಸತ್ಯಭಾಮಾ. ಅರೆತಲೆನೋವು ಅವರ ತಾಯಿಗೂ ಇತ್ತು, ಅವರಿಗೂ ಇತ್ತು, ಕಾಲೇಜಿನ ದಿನದಿಂದ ಇಂದುಗೂ ಅಂಟಿಕೊಂಡಿತ್ತು. ಮೊದಲು ಮಿಂಚು, ಆಮೇಲೆ ನೋವು. ಮಿಂಚು ಕಂಡ ಕೂಡಲೇ ಹಣೆಗೆ ಒಣಶುಂಠಿ ತೇಯ್ದು ಹಚ್ಚಬೇಕು, ಕಣ್ಣಿನ ಮೇಲೆ ಬಟ್ಟೆ ಬಿಗಿದು ಕತ್ತಲಲ್ಲಿ ಮಲಗಬೇಕು, ನೋವು ಬಂದು ಹೋಗುವ ತನಕ ಬೆಳಕಿಗೆ ಕಣ್ಣು ಕೊಡಬಾರದು. ಇದು ಆ ಮನೆಯ ಹೆಂಗಸರ ಕಟ್ಟಳೆ. ಜಪಾನಿನ ಮನೆಯ ಕಿಟಕಿಗೆ ಹೊರಗಡೆಯಿಂದ ತಗಡಿನ ಬಾಗಿಲು ಬೇರೆ. ಎಳೆದರೆ ಹಗಲೇ ಕಾಳಗತ್ತಲೆ. "ಇಂಥ ಕತ್ತಲೆ ನಮ್ಮ ಮೈಸೂರಲ್ಲಿ ಎಲ್ಲಿ ಸಿಗಬೇಕು!" ಎಂದು ಅವರು ಮೆಚ್ಚಿಕೊಂಡಿದ್ದರು.

ಆದರೆ ಈ ಸಲ ನೋವು ಬರಲಿಲ್ಲ. ಸಂಜೆಯಾದರೂ ಇಲ್ಲ, ಶನಿವಾರವೂ ಇಲ್ಲ. ಸತ್ಯಭಾಮಾ ಅವರ ಹಿಗ್ಗು ಹೇಳತೀರದು. ಶುಕ್ರವಾರ ಸಂಜೆಯೇ ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ಸಜ್ಜಿಗೆ ಮಾಡಿ ಕತ್ತಲಲ್ಲೇ ಮಗಳ ಬಾಯಿಗಿಟ್ಟರು. ಬಚ್ಚಲಿಗೂ ಕೈಹಿಡಿದೇ ನಡೆಸಿದರು. "ಒಂದ್ಸಲ ಡಾಕ್ಟರಿಗೆ ತೋರಿಸೋಣ್ವಾ ಅತ್ತೆ?" ಎಂದು ಅಳಿಯ ಮಧುಕರ್ ಕೇಳಿದ್ದಕ್ಕೆ, "ನೋವೇ ಇಲ್ಲ ಅಂದ್ಮೇಲೆ ಏನಂತ ತೋರಿಸ್ತೀರಿ? ಶುಂಠಿ ಗೆದ್ದಿದೆ ಅಂತಲಾ?" ಎಂದು ನಕ್ಕುಬಿಟ್ಟರು. "ಇವತ್ತೊಂದು ರಾತ್ರಿ ಹೀಗೇ ಇರ್ಲಿ. ಕದ್ದು ಬರುತ್ತೆ ಅದು."

ಬಟ್ಟೆ ಬಿಚ್ಚಿದ ಆ ಭಾನುವಾರವೇ ಆಸ್ಪತ್ರೆಯಲ್ಲಿ ವಯಸ್ಸಾದ ಡಾಕ್ಟರು ಇಂದುವಿನ ಕಣ್ಣಿಗೆ ಔಷಧಿ ಬಿಟ್ಟು, ಬೆಳಕು ಹಾಯಿಸಿ ಬಹಳ ಹೊತ್ತು ನೋಡಿದರು. ಅವಳನ್ನು ಒಳಗೆ ಮಲಗಿಸಿ, ಹೊರಗೆ ಬಂದು ಮಧುಕರನಿಗೆ ಜಪಾನಿ ಭಾಷೆಯಲ್ಲಿ ಏನೋ ವಿವರಿಸಿದರು. ಒಮ್ಮೆ ಎಡಗಣ್ಣು ಮುಚ್ಚಿ ತೋರಿಸಿದರು, ಒಮ್ಮೆ ಬಲಗಣ್ಣು. ಕೊನೆಗೆ ಸತ್ಯಭಾಮಾ ಅವರತ್ತ ತಿರುಗಿ ತಲೆ ಬಾಗಿಸಿ ಹೋದರು.

"ಏನಂದ್ರು?"

"ಆಪರೇಷನ್ ಮಾಡ್ತಾರಂತೆ ಅತ್ತೆ. ನಾಳೆ ಬೆಳಿಗ್ಗೆ."

"ಅವರು ಅಷ್ಟೊತ್ತು ಮಾತಾಡಿದ್ರು. ನೀವು ಇಷ್ಟೇ ಹೇಳ್ತಿದೀರಿ."

ಮಧುಕರ್ ಗೋಡೆ ನೋಡಿದ. "ಅರೆತಲೆನೋವಿನ ಮಿಂಚು ಮಿದುಳಿಂದು ಅತ್ತೆ. ಯಾವ ಕಣ್ಣು ಮುಚ್ಚಿದ್ರೂ ಕಾಣುತ್ತೆ. ಇದು ಒಂದೇ ಕಣ್ಣಿಂದು. ಕಣ್ಣಿನ ಹಿಂದೆ ರೆಟಿನಾ ಅಂತ ತೆಳ್ಳಗೆ ಒಂದು ಪರದೆ ಇರುತ್ತೆ. ಅದು ಹರಿದು ಕಿತ್ಕೊಂಡು ಬರೋವಾಗಲೂ ಮಿಂಚಿನ ಹಾಗೇ ಕಾಣುತ್ತಂತೆ. ಆದ್ರೆ ನೋವಿರಲ್ಲ."

"ನೋವಿರಲ್ಲ" ಎಂದರು ಸತ್ಯಭಾಮಾ.

"ಹ್ಞೂಂ."

"ಶುಕ್ರವಾರವೇ ಬಂದಿದ್ರೆ?"

ಅವನು ಕೈಯಲ್ಲಿದ್ದ ಆಸ್ಪತ್ರೆಯ ಚೀಟಿಯನ್ನು ಮಡಚತೊಡಗಿದ.

"ಸುಳ್ಳು ಹೇಳ್ಬೇಡಿ ನನಗೆ."

"ಮೂಲೇಲೇ ತಡೀಬಹುದಿತ್ತು ಅಂದ್ರು. ಈಗ ನಡುಭಾಗವೂ ಬಿಟ್ಟುಕೊಂಡಿದೆ. ಅಂಟಿಸ್ತಾರೆ. ಆದ್ರೆ ಆ ಕಣ್ಣಲ್ಲಿ ಅಕ್ಷರ ಓದೋದು ಕಷ್ಟ ಅಂತೆ." ಚೀಟಿಯನ್ನು ಜೇಬಿಗಿಟ್ಟು ಮತ್ತೆ ಹೇಳಿದ: "ಬೆಳಕಲ್ಲಿದ್ದಿದ್ರೆ ಅವಳಿಗೇ ಬೇಗ ಗೊತ್ತಾಗ್ತಿತ್ತು ಅಂದ್ರು. ಕತ್ತಲಲ್ಲಿ ಎರಡು ಕಣ್ಣೂ ಒಂದೇ ತಾನೇ ಅತ್ತೆ."

ಇಬ್ಬರೂ ಒಳಗೆ ಹೋದರು. ಆಸ್ಪತ್ರೆಯವರು ಕೊಟ್ಟ ಮೆತ್ತನೆ ಚಪ್ಪಲಿ ಸದ್ದು ಮಾಡಲಿಲ್ಲ. ಇಂದು ಅಂಗಾತ ಮಲಗಿದ್ದಳು. ಮಧುಕರ್ ಬಲಗಡೆಯ ಕುರ್ಚಿಯಲ್ಲಿ ಕೂತ ಕೂಡಲೇ ಅವನ ಕೈ ಹಿಡಿದುಕೊಂಡಳು.

"ರೀ, ಅಮ್ಮಂಗೆ ಮಾತ್ರ ಹೇಳ್ಬೇಡಿ. ಶುಕ್ರವಾರ ಸಂಜೆ ಕಣ್ಣಿನ ಬಟ್ಟೆ ಬದಲಾಯಿಸೋವಾಗ್ಲೇ, ಬಾಗಿಲ ಸಂದಿ ಬೆಳಕಲ್ಲಿ ನೋಡಿದ್ರೆ ಆ ಮೂಲೆ ಕಪ್ಪಗಾಗಿತ್ತು. ಹೇಳೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಅಮ್ಮ ದೀಪ ಹಚ್ಚಿ ಬಂದು, 'ನೋವು ಬರಲಿಲ್ಲ ಅಲ್ವೇನೇ, ಬರಲಿಲ್ಲ ಅಲ್ವಾ' ಅಂತ ನನ್ನ ತಲೆ ಸವರಿದಳು. ಅವಳು ಅಷ್ಟು ಖುಷಿಯಾಗಿದ್ದು ನಾನು ನೋಡೇ ಇರಲಿಲ್ಲ ಕಣ್ರೀ. ಮನಸ್ಸು ಬರಲಿಲ್ಲ."

ಮಧುಕರ್ ತಲೆಯೆತ್ತಿ ಮಂಚದ ಆಚೆ ನೋಡಿದ.

"ಯಾಕೆ ಸುಮ್ನಾದ್ರಿ?" ಎಂದಳು ಇಂದು. "ಅಮ್ಮ ಎಲ್ಲಿ, ಹೊರಗೇ ಕೂತಿದ್ದಾಳಾ?"

ಸತ್ಯಭಾಮಾ ಮಂಚದ ಕಂಬಿ ಹಿಡಿದು, ಮಗಳ ಎಡಪಕ್ಕದಲ್ಲೇ ನಿಂತಿದ್ದರು.